ಬಾನಿ ಸತ್ತ ದಿನದ ಮಾತು

“ಒಡೀರಿ ಬಾನಿ,” ಅಂದ ಫೌಜದಾರ ಹುಲ್ಲಪ್ಪ.

ಇಬ್ಬರು ಪೊಲೀಸರು ಹಾರೆ ಎತ್ತಿದರು. ನಾನು ಇಲಕಲ್ಲಿನಲ್ಲಿ ನೂಲಿಗೆ ನೀಲಿ ಹಾಕುವ ನೀಲಗಾರ ಖಾಸಿಂಸಾಬನ ಅಂಗಳದ ಬಾಗಿಲಲ್ಲಿ ಇನ್ನೂ ಚಪ್ಪಲಿ ಬಿಡುತ್ತಿದ್ದೆ. ಹುನಗುಂದದಿಂದ ಎತ್ತಿನ ಗಾಡಿಯಲ್ಲಿ ಕುಲುಕಿ ಬಂದ ಸೊಂಟ ಇನ್ನೂ ನೆಟ್ಟಗಾಗಿರಲಿಲ್ಲ. ಒಂದು ತಂಬಿಗೆ ನೀರು ಕುಡಿದು ಗೋಡೆಗೆ ಒರಗಿದರೆ ಸಾಕು ಅನಿಸಿತ್ತು. ಆದರೆ ಈ ಊರಿನಲ್ಲಿ ಕೂಡುವ ಯೋಗವನ್ನು ನನ್ನ ಹಣೆಯಲ್ಲಿ ಬರೆದಿಲ್ಲ.

“ತಡೀರಿ ಫೌಜದಾರ್ರ. ಆ ಬಾನಿ ನನ್ನ ತಪಾಸಣ್ಯಾಗ ಅದಾವು. ಒಡೀಬ್ಯಾಡ್ರಿ.”

ಹುಲ್ಲಪ್ಪ ತಿರುಗಿ ನೋಡಿದ. “ಬಂದ್ರಾ ತಮ್ಮಣ್ಣನವರ. ಮನಿಪಟ್ಟಿ ಮಾತು ಆಮ್ಯಾಲ ಆಡೂಣು. ಈಗ ಇಲ್ಲೆ ಹೆಣ ಹುಡುಕೂದೈತಿ.”

ಹೆಣ ಅಂದ ಕೂಡಲೇ ಬಾಗಿಲ ಮೂಲೆಯಲ್ಲಿ ಕೂತ ಸುಂದರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳ ಗಂಡ ಚಂದಪ್ಪ ಮಲಕಪ್ಪ ಸಾವಕಾರನ ಕಾರಕೂನ. ಅವನು ಕಾಣೆಯಾಗಿ ವಾರದ ಮೇಲಾಗಿತ್ತು. ಸುದ್ದಿ ಕೇಳಿ ಶಿರೂರಿನಿಂದ ಬಂದವಳು ಅಂದಿನಿಂದ ಹೀಗೇ ಒಬ್ಬರ ಬಾಗಿಲಿಂದ ಇನ್ನೊಬ್ಬರ ಬಾಗಿಲಿಗೆ ಹೋಗಿ ಕೂಡುತ್ತಿದ್ದಳು.

ಚಂದಪ್ಪ ಕೊನೆಗೆ ಕಂಡದ್ದು ಈ ಅಂಗಳದಲ್ಲಿ. ಅವನ ರುಮಾಲು ಸಿಕ್ಕಿದ್ದು ಇದರ ಹಿತ್ತಲಲ್ಲಿ. ಪೊಲೀಸರಿಗೆ ಅಷ್ಟೇ ಸಾಕಾಗಿ ಖಾಸಿಂಸಾಬನನ್ನು ಮೊನ್ನೆಯಿಂದ ಚಾವಡಿಯಲ್ಲಿ ಕೂರಿಸಿದ್ದರು. ಇಂದು ಸಂಜೆ ಹುನಗುಂದಕ್ಕೆ ಒಯ್ಯುವವರಿದ್ದರು. ಅಲ್ಲಿಂದ ಮುಂದೆ ವಿಜಾಪುರದ ಕೋರ್ಟು, ಅಲ್ಲಿಂದ ಮುಂದಿನದು ದೇವರಿಗೇ ಗೊತ್ತು.

ಖಾಸಿಂಸಾಬ ಕಂಬಕ್ಕೆ ಆತು ನಿಂತಿದ್ದ. ಮೊಣಕೈತನಕ ನೀಲಿ ಹಿಡಿದ ಅವನ ಎರಡೂ ಕೈಗಳಿಗೆ ಹಗ್ಗ ಬಿಗಿದಿತ್ತು. ಅವನ ಕಣ್ಣು ಫೌಜದಾರನ ಮೇಲಿರಲಿಲ್ಲ, ಹಾರೆಯ ಮೇಲಿತ್ತು.

“ನಮ್ಮ ಅಜ್ಜ ಹೂಡಿದ ಬಾನಿ ಅವು,” ಅಂದ. “ಒಡದ್ರ ಮುಗೀತು. ನನ್ನ ಬೇಕಾದ್ರ ಒಯ್ರಿ, ಅವನ್ನ ಬಿಡ್ರಿ.”

ನನ್ನ ಉದ್ಯೋಗದ ಮಾತನ್ನು ಇಲ್ಲಿ ಸ್ವಲ್ಪ ಹೇಳಲೇಬೇಕು. ಅಂಗಡಿ, ವಖಾರಿ, ಕಾರಖಾನೆಗಳಿಗೆ ಮನಿಪಟ್ಟಿ ಹಾಕುವಾಗ ನೆಲಕ್ಕೆ ಕೂಡಿಸಿದ ಕಸುಬಿನ ಸಾಮಾನಿಗೆ ಮಾಫಿ ಉಂಟು. ಮಗ್ಗದ ಕುಣಿ, ಭಟ್ಟಿ, ಬಣ್ಣದ ಬಾನಿ ಇಂಥವು. ಆದರೆ ಅವು ನಡೆಯುತ್ತಿರಬೇಕು. ನಿಂತ ಮಗ್ಗಕ್ಕೆ ಮಾಫಿ ಇಲ್ಲ, ಸತ್ತ ಬಾನಿಗೆ ಮಾಫಿ ಇಲ್ಲ. ಬಾಗಲಕೋಟೆ, ಬದಾಮಿ, ಹುನಗುಂದ, ಇಲಕಲ್ ಎಂದು ಊರೂರು ಅಲೆದು, ಯಾವುದು ಬದುಕಿದೆ ಯಾವುದು ಸತ್ತಿದೆ ಎಂದು ನೋಡಿ ಹೇಳುವುದು ನನ್ನ ಪಾಡು. ಪಟ್ಟಿ ಹಾಕುವವನನ್ನು ಜನ ಬೈಯುತ್ತಾರೆ. ಮಾಫಿ ಕೊಡುವವನನ್ನು ಅದಕ್ಕಿಂತ ಹೆಚ್ಚು ಬೈಯುತ್ತಾರೆ, ಯಾಕೆಂದರೆ ಪಕ್ಕದ ಮನೆಯವನಿಗೂ ಕೊಟ್ಟಿರುತ್ತೇನಲ್ಲ.

“ಹೆಣ ಐತೋ ಇಲ್ಲೋ ನೋಡಾಕ ಒಡೆಯೂದು ಯಾಕ?” ಅಂದೆ. “ಗಳ ಇಳಿಸಿ ನೋಡೂಣು.”

ಆಳ ಅಳೆಯುವ ಬಿದಿರಿನ ಗಳ ನನ್ನ ಗಾಡಿಯಲ್ಲಿ ಯಾವಾಗಲೂ ಇರುತ್ತದೆ. ತರಿಸಿದೆ. ಬಾನಿಗಳೆಂದರೆ ಕುತ್ತಿಗೆಯತನಕ ನೆಲದಲ್ಲಿ ಹೂತ ದೊಡ್ಡ ಮಣ್ಣಿನ ಗುಡಾಣಗಳು. ಒಬ್ಬ ಆಳು ಇಳಿದು ನಿಂತರೆ ತಲೆ ಕಾಣುವುದಿಲ್ಲ. ಒಂದೊಂದಕ್ಕೂ ಗಳ ಇಳಿಸಿ, ತಳ ಮುಟ್ಟಿಸಿ, ಸುತ್ತ ಆಡಿಸಿದೆ. ಹೆಣ ಹಾಗಿರಲಿ, ಒಂದು ಕಲ್ಲೂ ತಾಗಲಿಲ್ಲ. ಪ್ರತಿ ಸಲ ಗಳ ಕಡುನೀಲಿಯಾಗಿ ಮೇಲೆ ಬಂತು, ಪ್ರತಿ ಸಲ ಹುಲ್ಲಪ್ಪ ಮೂಗು ಮುಚ್ಚಿಕೊಂಡ. ನನಗೋ ಆ ವಾಸನೆ ಹೋದ ಸಲಕ್ಕಿಂತ ಸಪ್ಪೆ ಅನಿಸಿತು. ದಣಿದವನ ಮೂಗಿಗೆ ಎಲ್ಲವೂ ಸಪ್ಪೆ ಎಂದುಕೊಂಡು ಸುಮ್ಮನಾದೆ.

“ಇಲ್ಲೆ ಏನೂ ಇಲ್ಲ,” ಅಂದೆ.

“ಇಲ್ಲೆ ಇಲ್ಲಂದ್ರ ಹಳ್ಳದಾಗ ಒಗದಿರಬೇಕು,” ಎಂಬ ಮಾತು ಹಿಂದಿನಿಂದ ಬಂತು.

ಮಲಕಪ್ಪ ಸಾವಕಾರ ಕಟ್ಟೆಯ ಮೇಲೆ ಶಾಲು ಹೊದ್ದು ಕೂತಿದ್ದ. ಪೇಟೆ ಬೀದಿಯ ದೊಡ್ಡ ವಖಾರಿ ಅವನದು. ಅದರ ಹಿಂದೆ ಅವನದೂ ಒಂದು ಸಾಲು ಬಾನಿ ಇವೆ, ಅವಕ್ಕೂ ಮಾಫಿ ಕೇಳಿದ್ದಾನೆ. ಅವು ನಡೆದಿವೆ ಎಂದು ಅವನ ಅರ್ಜಿ ಹೇಳುತ್ತದೆ, ಊರು ಹೇಳುವುದಿಲ್ಲ. ಖಾಸಿಂಸಾಬನದು ಮುಗಿಸಿ ಅವನಲ್ಲಿಗೆ ಹೋಗುವಷ್ಟರಲ್ಲಿ ಚಂದಪ್ಪ ಕಾಣೆಯಾದ, ನನ್ನ ತಪಾಸಣೆ ಅಲ್ಲಿಗೇ ನಿಂತಿತು.

“ಫೌಜದಾರ್ರ, ಹೊತ್ತು ಮುಳುಗೂದರಾಗ ಹುನಗುಂದ ಮುಟ್ಟಬೇಕಲ್ಲ,” ಅಂದ ಮಲಕಪ್ಪ. ಅವನಿಗೆ ಯಾಕೋ ಭಾರಿ ಅವಸರ ಇತ್ತು.

“ಒಂದು ಮಾತು ಕೇಳಿ ಹೋಗ್ರಿ,” ಅಂದೆ. “ಲಾಡಬಿ ಗುರುವಾರ ಹೇಳಿದ ಮಾತು.”

ಪೊಲೀಸರಿಬ್ಬರೂ ನಕ್ಕರು. ಹುಲ್ಲಪ್ಪನೂ ಮುಚ್ಚಿದ ಮೂಗಿನಲ್ಲೇ ನಕ್ಕ. ಖಾಸಿಂಸಾಬನ ತಾಯಿ ಲಾಡಬಿ ಮಾತ್ರ ಒಳಬಾಗಿಲಲ್ಲಿ ನಿಂತಿದ್ದವಳು ನಗಲಿಲ್ಲ.

ಅವರು ನಕ್ಕದ್ದಕ್ಕೆ ಕಾರಣ ಇದೆ. ನೀಲಿ ಬಾನಿ ಕೆಟ್ಟರೆ ನೀಲಗಾರರು ಒಂದು ದೊಡ್ಡ ಸುಳ್ಳನ್ನು ಊರಿಗೆ ಬಿಡುತ್ತಾರೆ. ಆ ಸುಳ್ಳು ಎಷ್ಟು ಬಾಯಿಗೆ ಬೀಳುತ್ತದೋ ಬಾನಿ ಅಷ್ಟು ಬೇಗ ಸುಧಾರಿಸುತ್ತದೆ ಎಂಬುದು ಅವರ ನಂಬಿಕೆ. ಅದಕ್ಕೇ ಇಲಕಲ್ಲಿನಲ್ಲಿ ಯಾರು ಬಾಯಿಗೆ ಬಂದದ್ದು ಹೇಳಿದರೂ ‘ಏನು, ಬಾನಿ ಕೆಟ್ಟಿತೇನು?’ ಎಂದು ಕೇಳುತ್ತಾರೆ. ಲಾಡಬಿ ಈ ವಿದ್ಯೆಯಲ್ಲಿ ಊರಿಗೇ ಹಿರಿಯಳು. ಹುನಗುಂದದ ಕೆರೆಯಲ್ಲಿ ಆನೆ ಈಸುತ್ತಿದೆ ಎಂದು ಹೇಳಿ ಒಮ್ಮೆ ಅರ್ಧ ಪೇಟೆಯನ್ನೇ ಗಾಡಿ ಕಟ್ಟಿಸಿ ಹೊರಡಿಸಿದ್ದಳು.

ಚಂದಪ್ಪ ಕಾಣೆಯಾದ ಗುರುವಾರ ಇಳಿಹೊತ್ತಿನಲ್ಲಿ ಅವಳು ಬಾವಿಕಟ್ಟೆಗೆ ಬಂದು ಇನ್ನೊಂದು ಮಾತು ಹೇಳಿದ್ದಳು. ಎಲ್ಲರೂ ಕೊಡ ಇಳಿಸಿ ನಕ್ಕಿದ್ದರು.

“ಮತ್ತೊಮ್ಮೆ ಹೇಳು ಯವ್ವಾ,” ಅಂದೆ.

ಲಾಡಬಿ ಸಾವಕಾಶ ಹೇಳಿದಳು. “ಚಂದಪ್ಪ ಸೀರಿ ಉಟಗೊಂಡು ಸಾವಕಾರನ ಗಾಡ್ಯಾಗ ಕುಂತು ಬದಾಮಿ ಕಡೆ ಹೊಂಟಿದ್ದ. ಮುಖದ ಮ್ಯಾಲ ಸೆರಗು. ಗಾಡಿ ಗೂಟ ಹಿಡದ ಕೈ ಒಂದ ಕಾಣತಿತ್ತು. ಗಂಡಸಿನ ಕೈ. ಬಳಿ ಇಲ್ಲ. ಮಣಿಕಟ್ಟಿನ ಮಟ ಕಾಣತಿತ್ತು, ಅಷ್ಟೂ ನೀಲಿ. ಅವತ್ತ ಮುಂಜಾನೆ ನಮ್ಮ ಬಾನ್ಯಾಗ ಕೈ ಅದ್ದಿದ್ದು ಚಂದಪ್ಪನ ಅಲ್ಲೇನು? ಅದಕ್ಕ ಅಂವನ ಅಂದೆ.”

“ಸೀರಿ ಉಟ್ಟ ಕಾರಕೂನ,” ಅಂದ ಮಲಕಪ್ಪ. “ಆನಿಗಿಂತ ಇದ ಛಲೋ ಐತಿ.”

“ಆನಿ ಸುಳ್ಳು. ಇದು ಖರೆ,” ಅಂದೆ.

“ಹೆಂಗ ಹೇಳ್ತೀರಿ?” ಎಂದು ಹುಲ್ಲಪ್ಪ ಕೇಳಿದ.

ನಾನು ನನ್ನ ಬಲಗೈಯ ತೋರುಬೆರಳನ್ನು ಅವನ ಮುಖದೆದುರು ಹಿಡಿದೆ. ಬೆರಳು ಬೆಳ್ಳಗಿತ್ತು. ಉಗುರು ಮಾತ್ರ ನೀಲಿ.

ಇದು ನನಗೆ ಹೊಳೆದದ್ದು ಗಾಡಿಯಲ್ಲಿ ಎಲೆಗೆ ಸುಣ್ಣ ಹಚ್ಚುವಾಗ. ಗುರುವಾರ ಮುಂಜಾನೆ ಇದೇ ಅಂಗಳದಲ್ಲಿ ನಾನೂ ಬಾನಿಗೆ ಬೆರಳು ಅದ್ದಿದ್ದೆ. ತಪಾಸಣೆಯ ಸಾಕ್ಷಿಗೆಂದು ಪಂಚನಾಗಿ ಬಂದಿದ್ದ ಚಂದಪ್ಪ ಇಡೀ ಕೈ ಅದ್ದಿದ್ದ. ಜೀವ ಇದ್ದ ಬಾನಿಯಿಂದ ಏನೇ ಹೊರಗೆ ಬಂದರೂ ಮೊದಲು ಹಸಿರಾಗಿರುತ್ತದೆ, ಗಾಳಿ ತಾಗಿದ ಮೇಲೆ ಕಣ್ಣೆದುರೇ ನೀಲಿಯಾಗುತ್ತದೆ. ಆ ನೀಲಿ ಚರ್ಮದಿಂದ ವಾರದಲ್ಲಿ ಹೋದರೂ ಉಗುರಿನಿಂದ ಹೋಗುವುದಿಲ್ಲ. ಸತ್ತ ಬಾನಿಯದು ಹಾಗಲ್ಲ. ನೀಲಿಯಾಗಿಯೇ ಬರುತ್ತದೆ, ತೊಳೆದರೆ ಹೋಗುತ್ತದೆ, ಉಗುರಿನಿಂದ ಎಲ್ಲಕ್ಕಿಂತ ಮೊದಲು ಹೋಗುತ್ತದೆ.

“ಒರಸ್ರಿ ಬೇಕಾದ್ರ,” ಅಂದೆ.

ಹುಲ್ಲಪ್ಪ ಸುಣ್ಣ ತರಿಸಿ ತಿಕ್ಕಿದ. ಬೇವಿನ ಕಡ್ಡಿಯಿಂದ ಕೆರೆದ. ಉಗುರು ನೋಯಿತು, ಬಣ್ಣ ಮಾಸಲಿಲ್ಲ.

“ಗುರುವಾರ ಈ ಮನಿ ಬಾನಿ ಕೆಟ್ಟಿರಲಿಲ್ಲ,” ಅಂದೆ. “ಮ್ಯಾಲ ತಾಮ್ರದಂಥ ನೊರಿ ಕಟ್ಟಿ ಹೂ ಬಿಟ್ಟಿತ್ತು. ಬಾನಿ ಛಲೋ ಇದ್ದಾಗ ನೀಲಗಾರ್ರು ಸುಳ್ಳ ಬಿಡೂದಿಲ್ಲ. ಬಿಟ್ರ ಇದ್ದ ಬಾನಿ ಕೆಡತೈತಿ ಅಂತ ಹೆದರ್ತಾರ. ಅಂದ ಮ್ಯಾಲ ಲಾಡಬಿಗೆ ಅವತ್ತ ಸುಳ್ಳ ಹೇಳೂ ಕಾರಣ ಇರಲಿಲ್ಲ.”

ಇಡೀ ಊರು ಒಂದು ನಿಜವನ್ನು ಕೇಳಿ, ನಕ್ಕು, ಕೊಡ ಹೊತ್ತು ಮನೆಗೆ ಹೋಗಿತ್ತು. ಬೇರೆ ಊರಾಗಿದ್ದರೆ ಯಾರಾದರೂ ಗಾಡಿಯ ಹಿಂದೆ ಓಡಿ ನೋಡುತ್ತಿದ್ದರು.

“ಹಂಗಾರ ನನ್ನ ಗಂಡ ಅದಾನೇನ್ರಿ ಯಣ್ಣಾ?” ಎಂದು ಸುಂದರವ್ವ ಕೇಳಿದಳು.

“ಗಾಡ್ಯಾಗ ಕುಂತು ಹೋದಂವ ಸತ್ತಿರೂದಿಲ್ಲ ತಂಗಿ,” ಅಂದೆ.

ಅವಳು ಸೆರಗನ್ನು ಬಾಯಿಂದ ತೆಗೆದಳು. ಅವಳ ಮುಖವನ್ನು ನಾನು ಪೂರ್ತಿ ಕಂಡದ್ದು ಅಂದೇ ಮೊದಲು. ನನಗೆ ಸಂತೋಷವಾಯಿತು. ಎಷ್ಟೋ ತಿಂಗಳಿಂದ ಆ ಭಾವನೆಯ ಪರಿಚಯವೇ ತಪ್ಪಿಹೋಗಿತ್ತು.

ಹುಲ್ಲಪ್ಪ ಪೊಲೀಸರತ್ತ ಕೈಮಾಡಿದ. ಒಬ್ಬ ಖಾಸಿಂಸಾಬನ ಹಗ್ಗ ಸಡಿಲಿಸತೊಡಗಿದ.

“ಸಾವಕಾರ್ರ, ಗಾಡಿ ನಿಮ್ಮದಂತ,” ಅಂದ ಹುಲ್ಲಪ್ಪ.

“ನಮ್ಮ ಗಾಡಿ ವಾರಾ ಬದಾಮಿ ಸ್ಟೇಶನ್ನಿಗೆ ಹೋಗ್ತೈತಿ, ನೂಲಿನ ಗಂಟ ತರಾಕ. ಹೊಡಿಯಾಂವ ಹಾದ್ಯಾಗ ಯಾರನ್ನ ಹತ್ತಿಸ್ಕೊಂತಾನೋ ನನಗೇನ್ ಗೊತ್ತು?” ಮಲಕಪ್ಪನ ದನಿ ಏರಲಿಲ್ಲ. ಶಾಲಿನ ಅಂಚನ್ನು ಸರಿಮಾಡಿಕೊಂಡ. “ಆತು, ಮುದುಕಿ ಹೇಳಿದ್ದು ಖರೆ ಅಂತ ತಿಳಕೊಳ್ಳೂಣು. ತಮ್ಮಣ್ಣನವರ ಸಾಧಿಸಿ ಕೊಟ್ಟಾರಲ್ಲ. ಒಂದು ಕೇಳ್ರಿ ಅಕಿನ್ನ. ಆಕಿ ಕಂಡದ್ದು ಯಾವ ಕೈ?”

“ಯಾವ ಕೈ ಅಂದ್ರ?” ಎಂದ ಹುಲ್ಲಪ್ಪ.

“ಎಡಗೈಯೋ, ಬಲಗೈಯೋ?”

ಲಾಡಬಿ ಯೋಚಿಸಲಿಲ್ಲ. ನಿಜ ಹೇಳುವವರು ಯೋಚಿಸುವುದಿಲ್ಲ. “ಎಡಗೈ,” ಅಂದಳು.

ಕಂಬದ ಹತ್ತಿರ ಖಾಸಿಂಸಾಬ ಕಣ್ಣು ಮುಚ್ಚಿಕೊಂಡ. ನನಗೂ ಅರ್ಥವಾಯಿತು, ಆದರೆ ಮಾತು ಆಗಲೇ ಅವಳ ಬಾಯಿ ದಾಟಿತ್ತು.

ಚಂದಪ್ಪ ಅದ್ದಿದ್ದು ಬಲಗೈ. ನೀಲಗಾರರು 'ಬಾನಿ ತಾಯಿ' ಅನ್ನುತ್ತಾರೆ. ಹೊರಗಿನವರಿಗೆ ಎಡಗೈ ಹಾಕಗೊಡುವುದಿಲ್ಲ. ಗುರುವಾರ ನನಗೂ ಚಂದಪ್ಪನಿಗೂ ಖಾಸಿಂಸಾಬನೇ ತಾಕೀತು ಮಾಡಿದ್ದ. ಎಡಗೈಯೂ ನೀಲಿಯಾಗಿರುವುದು ದಿನಾ ಎರಡೂ ಕೈಯಿಂದ ನೂಲು ಹಿಂಡುವವನಿಗೆ ಮಾತ್ರ.

“ಇಲಕಲ್ಲಾಗ ಎಡಗೈ ನೀಲಿ ಇದ್ದಾವ್ರು ಯಾರು?” ಎಂದು ಮಲಕಪ್ಪ ಯಾರನ್ನೂ ನೋಡದೆ ಕೇಳಿದ.

ಉತ್ತರ ಬೇಕಿರಲಿಲ್ಲ. ಸಾವಿರದ ಒಂಬೈನೂರ ಏಳರ ಆ ಚಳಿಗಾಲದ ಹೊತ್ತಿಗೆ ಊರಿನ ಉಳಿದ ನೀಲಗಾರರೆಲ್ಲ ಜರ್ಮನಿಯ ಡಬ್ಬಿ ಬಣ್ಣಕ್ಕೆ ಹೋಗಿದ್ದರು. ಕೋಲಿನಿಂದ ಅದ್ದಿ ಕೋಲಿನಿಂದ ಎತ್ತುವ ಕೆಲಸ ಅದು. ಹಳೆಯ ನೀಲಿಯನ್ನು ಹಿಡಿದು ಕೂತವನು ಖಾಸಿಂಸಾಬ ಒಬ್ಬನೇ.

“ಗುರುವಾರ ಮಧ್ಯಾಹ್ನ ಎಲ್ಲಿದ್ದಿ ಲೇ?” ಎಂದು ಹುಲ್ಲಪ್ಪ ಅವನನ್ನು ಕೇಳಿದ.

“ಹಿರೇಹಳ್ಳಕ್ಕ ನೂಲು ತೊಳಿಯಾಕ ಹೋಗಿದ್ದೆ.”

“ಸಂಗಾಟ ಯಾರಿದ್ರು?”

“ಯಾರೂ ಇಲ್ರಿ. ಒಬ್ಬನ.”

ಮಲಕಪ್ಪ ಕಟ್ಟೆಯಿಂದ ಇಳಿದ. “ಮುಗೀತಲ್ಲ. ನಮ್ಮ ಕಾರಕೂನನ್ನ ಕೊಂದು ಗಂಟ ಕಟ್ಟಿ, ತಾ ಸೀರಿ ಉಟಗೊಂಡು ಹೆಂಗಸಿನಂಗ ಗಾಡಿ ಹತ್ಯಾನ. ಹಳ್ಳದ ಹಾದ್ಯಾಗ ಇಳದಾನ. ತಾಯಿ ಕಂಡಾಳ, ಮಗ ಅಂತ ಗುರ್ತ ಹಿಡೀಲಿಲ್ಲ.”

ಹಗ್ಗ ಮತ್ತೆ ಬಿಗಿಯಿತು. ನಾನು ಗುಡ್ಡ ಅಗೆದು ಇಲಿ ಹಿಡಿದಿದ್ದೆ, ಆ ಇಲಿ ನನ್ನನ್ನೇ ಕಚ್ಚಿತ್ತು. ಲಾಡಬಿಯ ಮಾತು ಸುಳ್ಳಾಗಿ ಉಳಿದಿದ್ದರೆ ಅವಳ ಮಗನ ಮೇಲೆ ಒಂದು ರುಮಾಲಿನ ಸಂಶಯ ಮಾತ್ರ ಇರುತ್ತಿತ್ತು. ಅದನ್ನು ನಿಜ ಮಾಡಿ ಸಾಕ್ಷಿಯಾಗಿಸಿದವನು ನಾನು.

ಲಾಡಬಿ ನನ್ನ ಹತ್ತಿರ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

“ಯಪ್ಪಾ,” ಅಂದಳು, “ಇಷ್ಟು ದಿನ ಯಾರೂ ನನ್ನ ಮಾತ ನಂಬಲಿಲ್ಲ. ನೀ ನಂಬಿದಿ. ನಂಬಿ ನನ್ನ ಮಗನ ಕುತಗಿಗೆ ತಂದಿ.”

ಅವಳು ಮಗನ ಕೈಗಳನ್ನು ನೋಡಿದಳು. ಹಗ್ಗದ ಕೆಳಗೆ ಬೆರಳುಗಳು ಬಾತಿದ್ದವು. ಉಗುರುಗಳು ನೇರಳೆಹಣ್ಣಿನಂತೆ ಕಪ್ಪಾಗಿದ್ದವು. ಅವಳು ಒಂದೊಂದು ಉಗುರನ್ನೂ ಮುಟ್ಟಿ ನೋಡಿದಳು.

“ಆ ಕೈ ಇವಂದಲ್ಲ,” ಅಂದಳು. “ಆ ಕೈಗೆ ಉಗುರು ಬೆಳ್ಳಗಿದ್ವು.”

ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು. “ಏನಂದಿ?”

“ಕೈ ನೀಲಿ, ಉಗುರು ಬೆಳ್ಳಗ. ಸಾವಕಾರನ ಗಾಡಿ ಕಂಡೆ, ನೀಲಿ ಕೈ ಕಂಡೆ, ಚಂದಪ್ಪ ಅಂದೆ. ಉಗುರಿನ ವಿಚಾರ ಮಾಡಲಿಲ್ಲ. ಈಗ ಇವನ ಉಗುರು ನೋಡಿದ ಮ್ಯಾಲ ನೆನಪಾತು.”

ಚರ್ಮ ನೀಲಿ, ಉಗುರು ಬಿಳಿ. ಅಂಥ ಕೈ ಜೀವ ಇದ್ದ ಬಾನಿಯಿಂದ ಹೊರಬರುವುದಿಲ್ಲ. ಖಾಸಿಂಸಾಬನದಂತೂ ಅಲ್ಲ, ಬಾನಿಗೆ ಬಲಗೈ ಅದ್ದಿದ ಚಂದಪ್ಪನದೂ ಅಲ್ಲ. ಸತ್ತ ಬಾನಿಯ ನೀರಿನಲ್ಲಿ ಕೈಯಾಡಿಸಿ, ಗಡಿಬಿಡಿಯಲ್ಲಿ ಒರೆಸಿಕೊಂಡು ಬಂದ ಇನ್ನಾರದೋ ಕೈ. ಇದನ್ನೆಲ್ಲ ನಾನು ಫೌಜದಾರನಿಗೆ ಹೇಳಲು ಬಾಯಿ ತೆರೆದೆ.

ಮಲಕಪ್ಪ ಮೊದಲು ಹೇಳಿದ. “ಏನ ಲಾಡಬಿ, ಬಾನಿ ಕೆಟ್ಟಿತೇನು?”

ಪೊಲೀಸರು ನಕ್ಕರು. ಹುಲ್ಲಪ್ಪ ನಗಲಿಲ್ಲ. ಅವನು ಕೆಟ್ಟ ಮನುಷ್ಯನಲ್ಲ, ನನ್ನಂತೆ ದಣಿದ ಮನುಷ್ಯ. ದಣಿದವರು ಹತ್ತಿರದ ದಾರಿ ಹಿಡಿಯುತ್ತಾರೆ.

“ತಮ್ಮಣ್ಣನವರ, ನೀವು ಹೇಳಿದ ಲೆಕ್ಕನ ಹಿಡಿಯೂಣು,” ಅಂದ. “ಬಾನಿ ಛಲೋ ಇದ್ರ ಮುದುಕಿ ಮಾತು ಖರೆ. ಕೆಟ್ಟಿದ್ರ ಸುಳ್ಳು. ಹೌದಲ್ಲೋ? ನೋಡ್ರಿ ಬಾನಿ.”

ನಾನು ಬಾನಿಯ ಕಡೆಗೆ ಎರಡು ಹೆಜ್ಜೆ ಇಡುವಾಗಲೇ ನನಗೆ ಗೊತ್ತಾಗಿತ್ತು. ಗಳ ಕಡುನೀಲಿಯಾಗಿ ಮೇಲೆ ಬಂದದ್ದು ನೆನಪಾಯಿತು. ಪ್ರತಿ ಸಲ ನೀಲಿ, ಒಮ್ಮೆಯೂ ಹಸಿರಲ್ಲ. ಆ ಸಪ್ಪೆ ವಾಸನೆ ನನ್ನ ಮೂಗಿನ ದೋಷವಾಗಿರಲಿಲ್ಲ.

ಆದರೂ ಬಿಳಿ ಅರಿವೆಯ ತುಂಡು ಅದ್ದಿದೆ. ನೀಲಿಯಾಗಿಯೇ ಬಂತು. ಪಕ್ಕದ ಕೊಡದ ನೀರಿನಲ್ಲಿ ಜಾಲಿಸಿದೆ. ಬಿಳಿಯಾಯಿತು. ಎರಡನೆಯ ಬಾನಿ, ಮೂರನೆಯದು, ಎಲ್ಲವೂ ಹಾಗೇ.

“ಮೊನ್ನಿಯಿಂದ ಯಾರೂ ಕೂಳ ಹಾಕಿಲ್ರಿ,” ಅಂದ ಖಾಸಿಂಸಾಬ. ದಿನಾ ಸುಣ್ಣ, ಬೆಲ್ಲ, ಬೇಯಿಸಿದ ತಗಚಿ ಬೀಜ ತಿನ್ನಿಸಿ ಕಲಕಬೇಕು. ಹೆಣ್ಣಿನ ಕೈ ಬಾನಿಗೆ ಆಗದು ಎಂಬ ಕಟ್ಟಳೆಯಿಂದ ಲಾಡಬಿ ಮುಟ್ಟಿರಲಿಲ್ಲ. ಅವನನ್ನು ಚಾವಡಿಯಲ್ಲಿ ಕೂರಿಸಿದ್ದರು, ಇವು ಇಲ್ಲಿ ಸತ್ತಿದ್ದವು.

“ಫೌಜದಾರ್ರ, ಅದು ಬ್ಯಾರೆ ಇದು ಬ್ಯಾರೆ,” ಅಂದೆ. ನನ್ನ ಕಿವಿಗೇ ಆ ಮಾತು ಬಡವಾಗಿ ಕೇಳಿತು.

“ಗುರುವಾರಕ್ಕೊಂದು ನ್ಯಾಯ, ಇವತ್ತಿಗೊಂದು ನ್ಯಾಯ ಏನ್ರಿ?” ಹುಲ್ಲಪ್ಪ ರುಮಾಲು ಸುತ್ತಿಕೊಂಡ. “ನಡೀರಿ.”

ಖಾಸಿಂಸಾಬನನ್ನು ಗಾಡಿಗೆ ಹತ್ತಿಸಿದರು. ಹತ್ತುವ ಮೊದಲು ಅವನು ನನ್ನ ಕಡೆ ತಿರುಗಿದ. ಏನಾದರೂ ಬೇಡಿಕೊಳ್ಳುತ್ತಾನೆ ಎಂದುಕೊಂಡೆ.

“ಸಾಹೇಬ್ರ, ನಮ್ಮ ಬಾನಿ ಮಾಫಿ ತಗದ್ಹಾಕ್ರಿ. ಈಗ ನಡದಿಲ್ಲ. ಸುಳ್ಳ ಆಗ್ತೈತಿ,” ಅಂದ.

ಇಷ್ಟು ವರ್ಷದ ಚಾಕರಿಯಲ್ಲಿ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ನನಗೆ ನಾಚಿಕೆಯಾಯಿತು, ಯಾರ ಪರವಾಗಿ ಎಂದು ತಿಳಿಯಲಿಲ್ಲ.

ಗಾಡಿ ಹೊರಟಿತು. ಮಲಕಪ್ಪ ಬಾಗಿಲ ಹೊರಗೆ ನಿಂತು, “ನಮ್ಮ ಬಾನಿ ತಪಾಸಣಿಗೆ ಅವಸರಿಲ್ರಿ. ದಣದೀರಿ, ವಾರ ಬಿಟ್ಟು ಬರ್ರಿ,” ಎಂದು ಹೇಳಿ ಪೇಟೆಯತ್ತ ನಡೆದ. ಮಾಫಿಗಾಗಿ ತಿಂಗಳಿಂದ ನನ್ನ ಬೆನ್ನು ಹತ್ತಿದ್ದ ಮನುಷ್ಯ.

ನಾನು ಕಟ್ಟೆಯ ಮೇಲೆ ಕೂತೆ, ಅವನು ಕೂತಿದ್ದ ಜಾಗದಲ್ಲೇ. ಆಗ ಒಂದು ಮಾತು ಮುಳ್ಳಿನಂತೆ ಚುಚ್ಚತೊಡಗಿತು. ಯಾವ ಕೈ ಎಂದು ಫೌಜದಾರ ಕೇಳಿರಲಿಲ್ಲ. ನಾನು ಕೇಳಿರಲಿಲ್ಲ. ನಮಗೆ ಅದು ಹೊಳೆಯಲೇ ಇಲ್ಲ. ಎಡಗೈ ಎಂಬ ಉತ್ತರ ಬರುತ್ತದೆ ಎಂದು ಮೊದಲೇ ತಿಳಿದವನು ಮಾತ್ರ ಆ ಪ್ರಶ್ನೆಯನ್ನು ಅಷ್ಟು ಧೈರ್ಯವಾಗಿ ಕೇಳಬಲ್ಲ.

ಸೀರೆ ಉಟ್ಟು ಹೋದವನು ಚಂದಪ್ಪನಲ್ಲ ಎಂದಮೇಲೆ ಚಂದಪ್ಪ ಇಲಕಲ್ ಬಿಟ್ಟು ಹೋದದ್ದನ್ನು ಕಂಡವರು ಯಾರೂ ಇಲ್ಲ. ಮತ್ತು ಮಲಕಪ್ಪನ ಬಾನಿಗಳಿಗೆ ಇನ್ನೂ ಯಾರೂ ಗಳ ಇಳಿಸಿಲ್ಲ.

ಹೇಳಿದರೆ ಯಾರು ನಂಬುತ್ತಾರೆ? ಸಾವಕಾರನ ವಖಾರಿಗೆ ಪೊಲೀಸರು ಕಾಲಿಡಲು ಹುನಗುಂದದಿಂದ ಅಪ್ಪಣೆ ಬೇಕು. ಅಷ್ಟರಲ್ಲಿ ಬಾನಿಗಳನ್ನು ತೊಳೆದು ಒಣಗಿಸಿ ಜೋಳ ತುಂಬಿರುತ್ತಾರೆ.

ಲಾಡಬಿ ಒಳಗಿನಿಂದ ಬೆಲ್ಲದ ಪೆಂಟೆ, ಸುಣ್ಣದ ಗಡಿಗೆ ತಂದಿಟ್ಟಳು. “ಹೆಣ್ಣಿನ ಕೈ ಆದ್ರ ಆಗ್ಲಿ. ಇನ್ನೇನು ಕೆಡೂದೈತಿ?” ಎಂದು ಸೆರಗು ಸಿಕ್ಕಿಸಿದಳು. ಬೆಲ್ಲ ಕುಟ್ಟುತ್ತ, ನನ್ನತ್ತ ನೋಡದೆ ಹೇಳಿದಳು, “ಕೂಳ ಹಾಕಿದ್ರ ಸಾಲದು. ಊರಿಗೆ ಒಂದು ಸುಳ್ಳ ಬಿಡಬೇಕು. ನನ್ನ ಬಾಯಿ ಇವತ್ತ ಸತ್ತು ಹೋತು. ಯಾರು ಕೇಳ್ತಾರ? ನೀ ಬಿಡು ಯಪ್ಪಾ. ನಿನ್ನ ಮಾತ ಊರು ನಂಬತೈತಿ.”

ನಾನು ಅವಳನ್ನೇ ನೋಡಿದೆ. ಸುಳ್ಳು ಹೇಳಿ ಅಭ್ಯಾಸವಿಲ್ಲ ಎಂದಲ್ಲ, ಸರಕಾರಿ ಚಾಕರಿಯವನು ನಾನು. ಆದರೆ ಇಂಥ ದೊಡ್ಡದನ್ನು ಹೇಳಿರಲಿಲ್ಲ.

ಪೇಟೆ ಬೀದಿಗೆ ಬಂದಾಗ ಸಂತೆ ಮುಗಿಯುವ ಹೊತ್ತು. ಮಲಕಪ್ಪ ವಖಾರಿಯ ಮೆಟ್ಟಿಲ ಮೇಲೆ ನಾಲ್ಕು ಜನರ ನಡುವೆ ನಿಂತು ಅಂಗಳದಲ್ಲಿ ನಡೆದದ್ದನ್ನು ಹೇಳುತ್ತಿದ್ದ. ನಾನು ಗಳವನ್ನು ಹೆಗಲಿಗೆ ಆನಿಸಿಕೊಂಡು ಅವನ ಎದುರು ನಿಂತೆ.

“ಸಾವಕಾರ್ರ, ಈಗ ಟಪಾಲ ಕಚೇರಿಗೆ ತಾರು ಬಂತು,” ಅಂದೆ. “ಚಂದಪ್ಪ ಸಿಕ್ಕಾನಂತ.”

ಕೂಡಿದವರೆಲ್ಲ ಒಮ್ಮೆಲೇ ಎಲ್ಲಿ, ಯಾವಾಗ, ಹೆಂಗ ಎಂದು ಕೇಳಿದರು. ಮಲಕಪ್ಪ ಏನೂ ಕೇಳಲಿಲ್ಲ. ಅವನ ಬಾಯಿ ಅರ್ಧ ತೆರೆದೇ ಇತ್ತು. ಆಮೇಲೆ ನನಗೂ ಅವರಿಗೂ ಬೆನ್ನು ಮಾಡಿ ಒಳಗೆ ಹೋದ. ಬಾಗಿಲು ಮುಚ್ಚಿತು, ಅಗಳಿ ಬಿತ್ತು.

ನನ್ನ ತೋಳನ್ನು ಯಾರೋ ಹಿಡಿದರು. ಸುಂದರವ್ವ. ಅವಳು ನನ್ನ ಹಿಂದೆಯೇ ಬಂದಿದ್ದಳು ಎಂಬುದನ್ನು ನಾನು ನೋಡಿರಲಿಲ್ಲ.

“ಎಲ್ಲೆ ಸಿಕ್ಕಾನ್ರಿ ಯಣ್ಣಾ?” ಅಂದಳು. ಹಿಡಿದ ತೋಳನ್ನು ಬಿಡಲಿಲ್ಲ. “ಹುಷಾರ ಅದಾನಿಲ್ಲೋ?”

ಸುಳ್ಳು ಎಂದು ಹೇಳುವಂತಿರಲಿಲ್ಲ. ನಿಜ ಎಂದು ಹೇಳುವ ನಾಲಿಗೆಯೂ ನನಗಿರಲಿಲ್ಲ. ಸುಮ್ಮನಿರು ಎಂದು ಸನ್ನೆ ಮಾಡಿ, ಅವಳ ಕೈಯನ್ನು ಹಿಡಿದುಕೊಂಡು ವಖಾರಿಯ ಹಿಂದಿನ ಗೋಡೆಯ ಬಳಿಗೆ ಹೋದೆ. ಒಳಗೆ ಬಾನಿಗಳ ಸಾಲು ಇದ್ದದ್ದು ಆ ಗೋಡೆಯ ಆಚೆಗೆ.

ನಾವಿಬ್ಬರೂ ಕಿವಿಗೊಟ್ಟು ನಿಂತೆವು. ಹೆಜ್ಜೆಯ ಸಪ್ಪಳ ಬಂತು. ಮುಚ್ಚಳ ಸರಿದ ಸಪ್ಪಳ ಬಂತು. ಆಮೇಲೆ ನೀರು ಮೆಲ್ಲಗೆ ಕಲಕಿದ ಸದ್ದು.

ಯಾರೋ ಬಾನಿಗೆ ಗಳ ಇಳಿಸಿ ತಳ ಮುಟ್ಟಿ ನೋಡುತ್ತಿದ್ದರು.